ಬೀರುವಿನಲ್ಲಿ ಉಳಿದ ಕ್ಯಾಮೆರಾ

ಜಪಾನಿನ ಕ್ಯಾಮೆರಾ ಉದ್ಯಮ ಸಂಘದ ಲೆಕ್ಕದಂತೆ 2010ರ ಒಂದೇ ವರ್ಷದಲ್ಲಿ ಜಗತ್ತಿನ ಮಾರುಕಟ್ಟೆಗೆ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ರವಾನೆಯಾದವು. ಅವುಗಳಲ್ಲಿ ಬಹುಪಾಲು ಲೆನ್ಸನ್ನು ಕಳಚಲು ಬಾರದ, ಜೇಬಿನಲ್ಲಿ ಹಿಡಿಸುವ, ಕಾಂಪ್ಯಾಕ್ಟ್ ಎಂದು ಕರೆಯಲಾಗುವ ಸಣ್ಣ ಕ್ಯಾಮೆರಾಗಳು: ಕ್ಯಾನನ್‌ನ ಪವರ್‌ಶಾಟ್, ನಿಕಾನ್‌ನ ಕೂಲ್‌ಪಿಕ್ಸ್, ಸೋನಿಯ ಸೈಬರ್‌ಶಾಟ್ ಮೊದಲಾದವು. ಮೊಬೈಲ್ ಫೋನಿನಲ್ಲೇ ಒಳ್ಳೆಯ ಕ್ಯಾಮೆರಾ ಬಂದು ಕೂತ ಮೇಲೆ ಈ ಸಂಖ್ಯೆ ಕುಸಿಯುತ್ತ ಹೋಗಿ, 2023ರ ಹೊತ್ತಿಗೆ ಎಲ್ಲ ಬಗೆಯ ಕ್ಯಾಮೆರಾಗಳನ್ನು ಕೂಡಿಸಿದರೂ 80 ಲಕ್ಷವನ್ನು ಮುಟ್ಟಲಿಲ್ಲ. ಮಾರಾಟವಾಗಿದ್ದ ಕ್ಯಾಮೆರಾಗಳು ಮಾತ್ರ ಎಲ್ಲಿಗೂ ಹೋಗಿಲ್ಲ. ಮದುವೆಗೆಂದೋ ಪ್ರವಾಸಕ್ಕೆಂದೋ ಕೊಂಡವು ಎಷ್ಟೋ ಮನೆಗಳ ಬೀರುವಿನಲ್ಲಿ ಚಾರ್ಜರಿನ ಸಮೇತ ಇನ್ನೂ ಇವೆ. ಅಂಥದೊಂದನ್ನು ಹೊರತೆಗೆದು, ಅಥವಾ ಕಡಿಮೆ ಬೆಲೆಗೆ ಸೆಕೆಂಡ್‌ಹ್ಯಾಂಡ್ ಕೊಂಡು, ಛಾಯಾಗ್ರಹಣವನ್ನು ಮೊದಲಿನಿಂದ ಕಲಿಯಬೇಕೆನ್ನುವವರಿಗೆ ತಿಳಿದಿರಬೇಕಾದ ಸಂಗತಿ ಮುಖ್ಯವಾಗಿ ಒಂದೇ. ಈ ಯಂತ್ರ ಪ್ರತಿ ಹೆಜ್ಜೆಯಲ್ಲೂ ಊಹೆ ಮಾಡುತ್ತದೆ. ಅದರ ಊಹೆ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಗುರುತಿಸುವುದೇ ಇಲ್ಲಿನ ಕಲಿಕೆ.

ಈ ಊಹೆ ಬಣ್ಣದಿಂದಲೇ ಆರಂಭವಾಗುತ್ತದೆ. ಹಳೆಯ ಕ್ಯಾಮೆರಾದಲ್ಲಿ ಫಿಲ್ಮ್ ರೋಲ್ ಇರುತ್ತಿದ್ದ ಜಾಗದಲ್ಲಿ ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರ್ ಎಂಬ ಸಿಲಿಕಾನ್ ಬಿಲ್ಲೆ ಇರುತ್ತದೆ. ಅದರ ಮೇಲೆ ಸಾಲಾಗಿ ಜೋಡಿಸಿದ ಲಕ್ಷಾಂತರ ಸೂಕ್ಷ್ಮ ಚೌಕಗಳೇ ಪಿಕ್ಸೆಲ್‌ಗಳಾಗಿದ್ದು, ಒಂದೊಂದೂ ತನ್ನ ಮೇಲೆ ಬಿದ್ದ ಬೆಳಕಿಗೆ ತಕ್ಕಷ್ಟು ವಿದ್ಯುದಂಶವನ್ನು ಕೂಡಿಟ್ಟುಕೊಳ್ಳುತ್ತದೆ. ಈ ತತ್ತ್ವದ ಸಿಸಿಡಿ ಎಂಬ ಸಾಧನವನ್ನು 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರಿಗೆ 2009ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಂದಿತು. 1975ರಲ್ಲಿ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಸುಮಾರು 3.6 ಕಿಲೋ ತೂಗುತ್ತಿತ್ತು. ಕೇವಲ 10,000 ಪಿಕ್ಸೆಲ್‌ಗಳ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿನಲ್ಲಿ ಬರೆದಿಡಲು ಅದು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅದೇ ಕಂಪನಿಯ ಬ್ರೈಸ್ ಬೇಯರ್ ಬಣ್ಣದ ಸಮಸ್ಯೆಗೆ ಪರಿಹಾರ ಕಂಡುಕೊಂಡರು. ಪಿಕ್ಸೆಲ್‌ಗೆ ತಿಳಿಯುವುದು ಬೆಳಕಿನ ಪ್ರಮಾಣವೇ ಹೊರತು ಬಣ್ಣವಲ್ಲವಾದ್ದರಿಂದ, ಅರ್ಧದಷ್ಟು ಪಿಕ್ಸೆಲ್‌ಗಳಿಗೆ ಹಸಿರು, ಕಾಲುಭಾಗಕ್ಕೆ ಕೆಂಪು, ಉಳಿದ ಕಾಲುಭಾಗಕ್ಕೆ ನೀಲಿ ಸೋಸುಗಾಜನ್ನು ಹೊದಿಸಿ, ಪ್ರತಿ ಚುಕ್ಕೆಯಲ್ಲಿ ಇಲ್ಲದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕೆಗಳಿಂದ ಲೆಕ್ಕ ಹಾಕಿ ತುಂಬುವ ವಿಧಾನ ಅದು. ಇಂದಿನ ಬಹುತೇಕ ಕ್ಯಾಮೆರಾಗಳೂ ಫೋನುಗಳೂ ಅನುಸರಿಸುವುದು ಇದನ್ನೇ. ಅಂದರೆ ಇವು ತೆಗೆದ ಯಾವುದೇ ಚಿತ್ರದ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಅಂದಾಜು.

ಪಿಕ್ಸೆಲ್‌ಗಳ ಸಂಖ್ಯೆಯನ್ನೇ ಅಂಗಡಿಯಲ್ಲಿ ದೊಡ್ಡದಾಗಿ ಹೇಳಲಾಗುತ್ತದೆ. ಹತ್ತು ಲಕ್ಷ ಪಿಕ್ಸೆಲ್‌ಗೆ ಒಂದು ಮೆಗಾಪಿಕ್ಸೆಲ್. ಆಲ್ಬಮ್ಮಿನಲ್ಲಿ ಅಂಟಿಸುವ 4×6 ಇಂಚಿನ ಚಿತ್ರವನ್ನು ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಿದರೂ ಬೇಕಾಗುವುದು 1200×1800, ಎಂದರೆ ಸುಮಾರು 2.2 ಮೆಗಾಪಿಕ್ಸೆಲ್; ಗೋಡೆಗೆ ತೂಗುಹಾಕುವ 8×10 ಇಂಚಿನ ಚಿತ್ರಕ್ಕೆ 7.2 ಮೆಗಾಪಿಕ್ಸೆಲ್ ಸಾಕು. ಆದಕಾರಣ ಹಳೆಯ 8 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಆ ಒಂದು ಕಾರಣಕ್ಕೆ ಕೀಳಾಗಿ ಕಾಣಬೇಕಿಲ್ಲ. ನಿಜವಾಗಿ ನೋಡಬೇಕಾದದ್ದು ಸೆನ್ಸರಿನ ಗಾತ್ರ. ಕಾಂಪ್ಯಾಕ್ಟ್ ಕ್ಯಾಮೆರಾಗಳ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವ ‘1/2.3 ಇಂಚು’ ಎಂಬ ಅಳತೆ ಹಳೆಯ ಟಿವಿ ಕ್ಯಾಮೆರಾದ ಗಾಜಿನ ನಳಿಕೆಯ ಹೊರವ್ಯಾಸದ ಲೆಕ್ಕದಿಂದ ಬಂದದ್ದು. ಅದನ್ನು ನಂಬಿ ಲೆಕ್ಕ ಹಾಕಿದರೆ ಕರ್ಣ 11 ಮಿಲಿಮೀಟರ್ ಆಗಬೇಕು, ಇರುವುದು ಎಂಟಕ್ಕೂ ಕಡಿಮೆ. ಗಿರಾಕಿಗೆ ಅರ್ಥವಾಗದಂತೆ ಅಳೆಯುವ ಕಲೆಯಲ್ಲಿ ಈ ಉದ್ಯಮ ಯಾರಿಗೂ ಕಡಿಮೆಯಿಲ್ಲ. ಆ ಬಿಲ್ಲೆಯ ನಿಜವಾದ ಅಳತೆ ಸುಮಾರು 6.2×4.6 ಮಿಲಿಮೀಟರ್, ಹಳೆಯ ಫಿಲ್ಮಿನ 36×24 ಮಿಲಿಮೀಟರ್ ಚೌಕಟ್ಟಿನ ವಿಸ್ತೀರ್ಣದಲ್ಲಿ ಮೂವತ್ತನೇ ಒಂದು ಪಾಲು. ಇಷ್ಟು ಸಣ್ಣ ಜಾಗದಲ್ಲಿ 16 ಮೆಗಾಪಿಕ್ಸೆಲ್ ತುಂಬಿದರೆ ಒಂದೊಂದು ಪಿಕ್ಸೆಲ್ಲಿಗೂ ಸಿಗುವ ಬೆಳಕು ಅತ್ಯಲ್ಪವಾಗಿ, ಮಬ್ಬು ಕೋಣೆಯಲ್ಲಿ ತೆಗೆದ ಚಿತ್ರದಲ್ಲಿ ರವೆ ಚೆಲ್ಲಿದಂತೆ ಬಣ್ಣಬಣ್ಣದ ಚುಕ್ಕೆಗಳು ಏಳುತ್ತವೆ. ಇದಕ್ಕೆ ನಾಯ್ಸ್ ಎಂದು ಹೆಸರು. ಈ ಕ್ಯಾಮೆರಾಗಳು ಹಗಲಿನವು ಎಂದು ತಿಳಿದು ಬಳಸಿದರೆ ನಿರಾಶೆಯಾಗುವುದಿಲ್ಲ.

ಬಹುದಿನ ಬಳಸದೆ ಇಟ್ಟ ಕ್ಯಾಮೆರಾದಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿ ಸ್ವಲ್ಪವಾದರೂ ಉಬ್ಬಿದ್ದರೆ ಅದನ್ನು ಚಾರ್ಜ್ ಮಾಡಲೇಬಾರದು. ಪೆನ್‌ಸೆಲ್ ಹಾಕುವ ಮಾದರಿಯಾದರೆ ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಕೆಲವೇ ಚಿತ್ರಗಳಲ್ಲಿ ಸೋತುಹೋಗುವುದರಿಂದ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್‌ಗಳನ್ನು ಕೊಳ್ಳುವುದು ಲಾಭಕರ. ಮೆಮೊರಿ ಕಾರ್ಡಿನಲ್ಲೂ ಒಂದು ತೊಡಕಿದೆ. ಮೂಲ ಎಸ್‌ಡಿ ಕಾರ್ಡಿನ ಮಿತಿ 2 ಜಿಬಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿವರೆಗೆ ಹೋಗುತ್ತದೆ. ಅದಕ್ಕೂ ದೊಡ್ಡವು ಎಸ್‌ಡಿಎಕ್ಸ್‌ಸಿ. ಹೊರಗಿನಿಂದ ಮೂರೂ ಒಂದೇ ಆಕಾರದಲ್ಲಿದ್ದರೂ, ಹಳೆಯ ಕ್ಯಾಮೆರಾ ತನಗಿಂತ ಹೊಸ ಬಗೆಯ ಕಾರ್ಡನ್ನು ಓದಲಾರದು. ಅಂಗಡಿಗೆ ಹೋಗುವಾಗ ಕ್ಯಾಮೆರಾವನ್ನು ಜೊತೆಗೆ ಒಯ್ಯುವುದು ಉತ್ತಮ. ‘ಕಾರ್ಡ್ ಲಾಕ್ ಆಗಿದೆ’ ಎಂಬ ಸೂಚನೆ ಬಂದರೆ ಕಾರ್ಡಿನ ಪಕ್ಕದ ಪುಟ್ಟ ಗುಂಡಿ ಕೆಳಕ್ಕೆ ಜಾರಿದೆ ಎಂದಷ್ಟೇ ಅರ್ಥ. ಬ್ಯಾಟರಿ ಬಹುಕಾಲ ಖಾಲಿಯಾಗಿದ್ದಾಗ ಒಳಗಿನ ಗಡಿಯಾರವೂ ನಿಂತಿರುತ್ತದೆ; ಚಿತ್ರದ ಕಡತದೊಳಗೆ ದಿನಾಂಕ ತಾನಾಗಿಯೇ ದಾಖಲಾಗುವುದರಿಂದ, ಮುಂದೆ ಮೊಮ್ಮಗುವಿನ ನಾಮಕರಣ ಯಾವ ವರ್ಷ ನಡೆಯಿತೆಂದು ವಾದ ಹುಟ್ಟದಿರಲು ಮೊದಲೇ ದಿನಾಂಕವನ್ನು ಸರಿಪಡಿಸಿಕೊಳ್ಳಬೇಕು.

ಹೊಸಬರ ಚಿತ್ರಗಳು ಮಸುಕಾಗುವುದಕ್ಕೆ ಬಹುಪಾಲು ಕಾರಣ ಗುಂಡಿಯನ್ನು ಒಂದೇ ಏಟಿಗೆ ಒತ್ತುವುದು. ಕ್ಯಾಮೆರಾದ ಶಟರ್ ಗುಂಡಿಗೆ ಎರಡು ಹಂತಗಳಿವೆ. ಅರ್ಧಕ್ಕೆ ಒತ್ತಿ ಹಿಡಿದಾಗ ಕ್ಯಾಮೆರಾ ಎದುರಿನ ವಸ್ತುವಿನ ದೂರಕ್ಕೆ ತಕ್ಕಂತೆ ಲೆನ್ಸನ್ನು ಹೊಂದಿಸಿ ಚಿತ್ರವನ್ನು ಸ್ಪಷ್ಟಗೊಳಿಸಿಕೊಳ್ಳುತ್ತದೆ, ಅದೇ ಫೋಕಸ್. ಜೊತೆಗೆ ಬೆಳಕನ್ನೂ ಅಳೆದು ಮುಗಿಸಿ, ಪರದೆಯಲ್ಲಿ ಹಸಿರು ಚೌಕವನ್ನು ತೋರಿಸುತ್ತದೆ. ಆಮೇಲೆ ಪೂರ್ತಿ ಒತ್ತಿದರೆ ಚಿತ್ರ ತಡವಿಲ್ಲದೆ ದಾಖಲಾಗುತ್ತದೆ. ಒಂದೇ ಸಲಕ್ಕೆ ಒತ್ತಿದಾಗ ಈ ಕೆಲಸವೆಲ್ಲ ಮುಗಿಯುವಷ್ಟರಲ್ಲಿ ನಗುತ್ತಿದ್ದ ಮಗು ಬೇರೆ ಕಡೆಗೆ ತಿರುಗಿರುತ್ತದೆ. ಹಸಿರು ಚೌಕ ಎಲ್ಲಿ ಬಿತ್ತೆಂಬುದನ್ನೂ ಗಮನಿಸಬೇಕು: ಇಬ್ಬರು ಅಕ್ಕಪಕ್ಕ ನಿಂತಾಗ ಕ್ಯಾಮೆರಾ ನಡುವಿನ ಸಂದಿಯ ಮೂಲಕ ಹಿಂದಿನ ಗೋಡೆಯೇ ಮುಖ್ಯವೆಂದು ಊಹಿಸುವುದುಂಟು. ಆಗ ಒಬ್ಬರ ಮುಖಕ್ಕೆ ಗುರಿಯಿಟ್ಟು ಅರ್ಧ ಒತ್ತಿ, ಬೆರಳನ್ನು ಸಡಿಲಿಸದೆಯೇ ಚೌಕಟ್ಟನ್ನು ಬೇಕಾದಂತೆ ಹೊಂದಿಸಿ, ಉಳಿದರ್ಧ ಒತ್ತಬೇಕು. ಎರಡು ದಿನ ಅಭ್ಯಾಸ ಮಾಡಿದರೆ ಬೆರಳಿಗೆ ಇದು ತಾನಾಗಿ ಬರುತ್ತದೆ, ಮತ್ತು ಹೊಸ ಕ್ಯಾಮೆರಾ ಕೊಳ್ಳುವುದರಿಂದ ಸಿಗುವ ಪ್ರಯೋಜನಕ್ಕಿಂತ ಇದರಿಂದ ಸಿಗುವುದು ಹೆಚ್ಚು.

ಬೆಳಕನ್ನು ಅಳೆಯುವಲ್ಲಿಯೇ ಕ್ಯಾಮೆರಾ ಅತಿ ದೊಡ್ಡ ತಪ್ಪುಗಳನ್ನು ಮಾಡುವುದು. ಸೆನ್ಸರಿಗೆ ತಲುಪುವ ಬೆಳಕನ್ನು ನಿರ್ಧರಿಸುವವು ಎರಡು: ಲೆನ್ಸಿನೊಳಗಿನ ಕಿಂಡಿಯ ಅಗಲ, ಅಂದರೆ ಅಪರ್ಚರ್, ಮತ್ತು ಬೆಳಕು ಬೀಳುವ ಅವಧಿಯಾದ ಶಟರ್ ವೇಗ. ಬಂದ ಬೆಳಕಿನ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದನ್ನು ಐಎಸ್‌ಒ ಎಂಬ ಅಂಕಿ ಸೂಚಿಸುತ್ತದೆ. ಅದು ಹೆಚ್ಚಿದಷ್ಟೂ ಹಿಂದೆ ಹೇಳಿದ ರವೆಚುಕ್ಕೆಗಳೂ ಹೆಚ್ಚುತ್ತವೆ. ಆಟೊ ವಿಧಾನದಲ್ಲಿ ಈ ಮೂರನ್ನೂ ಕ್ಯಾಮೆರಾವೇ ಆರಿಸಿಕೊಳ್ಳುವಾಗ ಅದರ ಮೂಲಭೂತ ನಂಬಿಕೆ ಒಂದಿದೆ: ಎದುರಿನ ದೃಶ್ಯವೆಲ್ಲ ಒಟ್ಟಾರೆಯಾಗಿ ಬಿಳಿಯೂ ಅಲ್ಲದ ಕಪ್ಪೂ ಅಲ್ಲದ ನಡುಬೂದು ಬಣ್ಣದ್ದು. ರಸ್ತೆ, ಗಿಡಮರ, ಜನರ ಗುಂಪು ಇರುವ ಸಾಮಾನ್ಯ ದೃಶ್ಯದಲ್ಲಿ ಈ ನಂಬಿಕೆ ಕೆಲಸ ಮಾಡುತ್ತದೆ. ಆದರೆ ಸುಣ್ಣ ಬಳಿದ ಗೋಡೆಯ ಮುಂದೆ ಬಿಳಿ ಪಂಚೆಯುಟ್ಟು ನಿಂತ ಅಜ್ಜನ ಚಿತ್ರ ತೆಗೆದರೆ, ಬೆಳಕು ಅತಿಯಾಯಿತೆಂದು ಭಾವಿಸಿದ ಕ್ಯಾಮೆರಾ ಅದನ್ನು ತಗ್ಗಿಸಿ, ಗೋಡೆಯನ್ನೂ ಪಂಚೆಯನ್ನೂ ಬೂದಿ ಬಳಿದಂತೆ ಮಾಡುತ್ತದೆ. ಬೇಲೂರು, ಹಳೇಬೀಡುಗಳ ದೇವಾಲಯಗಳ ಕಪ್ಪಾದ ಬಳಪದ ಕಲ್ಲಿನ ಶಿಲ್ಪವೊಂದು ಚೌಕಟ್ಟನ್ನು ತುಂಬಿದಾಗ ಆಗುವುದು ಇದಕ್ಕೆ ತದ್ವಿರುದ್ಧ: ಬೆಳಕು ಸಾಲದೆಂದು ಬಗೆದು ಹೆಚ್ಚಿಸಿದ ಕಾರಣ ಕಲ್ಲು ತನ್ನ ಗಾಢವರ್ಣವನ್ನು ಕಳೆದುಕೊಂಡು ಸಿಮೆಂಟಿನಂತೆ ಪೇಲವವಾಗುತ್ತದೆ. ಇದನ್ನು ತಿದ್ದಲು ಬಹುತೇಕ ಎಲ್ಲ ಕ್ಯಾಮೆರಾಗಳಲ್ಲೂ ಪ್ಲಸ್ ಮತ್ತು ಮೈನಸ್ ಚಿಹ್ನೆಗಳಿರುವ ಒಂದು ಗುಂಡಿಯೋ ಮೆನುವಿನ ಸಾಲೋ ಇರುತ್ತದೆ. ಬಿಳಿಯ ದೃಶ್ಯಕ್ಕೆ ಪ್ಲಸ್ ಕಡೆಗೆ, ಕಪ್ಪು ದೃಶ್ಯಕ್ಕೆ ಮೈನಸ್ ಕಡೆಗೆ ಸರಿಸಬೇಕು. ಒಂದು ಅಂಕಿ ಹೆಚ್ಚಿಸಿದರೆ ಬೆಳಕು ಇಮ್ಮಡಿ, ಒಂದು ತಗ್ಗಿಸಿದರೆ ಅರ್ಧ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂಬ ಬಾಯಿ ತುಂಬುವ ಹೆಸರಿನ ಈ ಸೌಲಭ್ಯವನ್ನು ಕ್ಯಾಮೆರಾ ಕೊಂಡವರಲ್ಲಿ ಹೆಚ್ಚಿನವರು ಒಮ್ಮೆಯೂ ಮುಟ್ಟುವುದಿಲ್ಲ, ಆದರೆ ಕ್ಯಾಮೆರಾದ ಊಹೆಗೆ ಎದುರಾಡಲು ಅವರ ಕೈಯಲ್ಲಿರುವ ಉಪಾಯಗಳಲ್ಲಿ ಅತ್ಯಂತ ಸುಲಭವಾದದ್ದು ಇದೇ.

ಕತ್ತಲಾದೊಡನೆ ತಾನಾಗಿ ಮಿಂಚುವ ಫ್ಲ್ಯಾಷ್ ಕೂಡ ಒಂದು ಊಹೆಯೇ. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುವುದರಿಂದ, ಈ ಪುಟ್ಟ ದೀಪದ ಪ್ರಭಾವ ಮೂರು ನಾಲ್ಕು ಮೀಟರಿಗೆ ಮುಗಿಯುತ್ತದೆ. ಯಕ್ಷಗಾನದ ರಂಗಸ್ಥಳದಿಂದ ಹತ್ತು ಸಾಲು ಹಿಂದೆ ಕುಳಿತು ಫ್ಲ್ಯಾಷ್ ಹೊಡೆದರೆ ಬೆಳಗುವುದು ಮುಂದಿನ ಸಾಲಿನವರ ತಲೆಗಳು. ವೇಷ ಕತ್ತಲಲ್ಲೇ ಉಳಿಯುತ್ತದೆ, ವೇಷಧಾರಿಗೆ ಆದ ತೊಂದರೆ ಬೇರೆ. ಸುಮಾರು ಒಂದು ಲಕ್ಷ ಬಲ್ಬುಗಳಿಂದ ಬೆಳಗುವ ದಸರೆಯ ಮೈಸೂರು ಅರಮನೆಗಂತೂ ಫ್ಲ್ಯಾಷಿನ ಹಂಗೇ ಇಲ್ಲ. ಅಲ್ಲಿ ಫ್ಲ್ಯಾಷನ್ನು ನಿಲ್ಲಿಸಿ, ಐಎಸ್‌ಒವನ್ನು 100 ಅಥವಾ 200ರಲ್ಲಿಟ್ಟು, ಕ್ಯಾಮೆರಾವನ್ನು ಕಟ್ಟೆಯ ಮೇಲೋ ಟ್ರೈಪಾಡ್ ಎಂಬ ಮುಕ್ಕಾಲಿಯ ಮೇಲೋ ನೆಲೆಗೊಳಿಸಿ, ಬೆರಳಿನ ಒತ್ತಡದಿಂದಲೂ ಅಲುಗದಂತೆ ಎರಡು ಸೆಕೆಂಡಿನ ಟೈಮರ್ ಬಳಸಬೇಕು. ಕಪ್ಪು ಆಕಾಶವನ್ನು ಕಂಡು ಕ್ಯಾಮೆರಾ ಬೆಳಕನ್ನು ಹೆಚ್ಚಿಸದಂತೆ ಮೈನಸ್ ಒಂದಕ್ಕೆ ಇಳಿಸಿದರೆ ಬಲ್ಬುಗಳ ಸಾಲು ಬಿಡಿಬಿಡಿಯಾಗಿ ಕಾಣುತ್ತದೆ. ಫ್ಲ್ಯಾಷ್ ನಿಜವಾಗಿ ಉಪಯೋಗಕ್ಕೆ ಬರುವುದು, ವಿಚಿತ್ರವೆನಿಸಿದರೂ, ನಡುಹಗಲಿನಲ್ಲಿ: ಬಿಸಿಲಿಗೆ ಬೆನ್ನು ಮಾಡಿ ನಿಂತವರ ಮುಖ ಕಪ್ಪಾಗುವಾಗ, ಎರಡು ಮೀಟರ್ ದೂರದಿಂದ ಫ್ಲ್ಯಾಷನ್ನು ಒತ್ತಾಯದಿಂದ ಮಿಂಚಿಸಿದರೆ ಮುಖ ತಿಳಿಯಾಗುತ್ತದೆ. ಇನ್ನು ಶಿಲ್ಪಗಳಿಗೆ ಎದುರಿನಿಂದ ಬೀಳುವ ಫ್ಲ್ಯಾಷ್ ಅವುಗಳ ಉಬ್ಬುತಗ್ಗುಗಳ ನೆರಳನ್ನೇ ಅಳಿಸಿಬಿಡುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿಗಾಗಿ ಕಾಯದೆ ಬೇರೆ ದಾರಿಯಿಲ್ಲ.

ಫೋನಿಗಿಂತ ಈ ಕ್ಯಾಮೆರಾಗಳಲ್ಲಿ ಇಂದಿಗೂ ಮೇಲಾಗಿರುವುದು ಜೂಮ್. ಲೆನ್ಸಿನ ಗಾಜುಗಳೇ ಹಿಂದೆಮುಂದೆ ಸರಿದು ದೂರದ್ದನ್ನು ಹತ್ತಿರ ತರುವುದು ಆಪ್ಟಿಕಲ್ ಜೂಮ್. ತೆಗೆದ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದು ಡಿಜಿಟಲ್ ಜೂಮ್. ಎರಡನೆಯದನ್ನು ಮೆನುವಿನಲ್ಲಿ ಶಾಶ್ವತವಾಗಿ ಮುಚ್ಚಿಬಿಡಬಹುದು, ಏಕೆಂದರೆ ಅದನ್ನು ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲೂ ಮಾಡಬಹುದು. ದೂರವನ್ನು ಹತ್ತಿರ ತಂದಂತೆ ಕೈನಡುಕವೂ ದೊಡ್ಡದಾಗಿ ಕಾಣುವುದರಿಂದ, ಫಿಲ್ಮ್ ಕ್ಯಾಮೆರಾದ 28ರಿಂದ 280 ಮಿಲಿಮೀಟರ್ ಲೆನ್ಸಿಗೆ ಸಮಾನವಾದ ಹತ್ತು ಪಟ್ಟಿನ ಜೂಮ್‌ನಲ್ಲಿ ಕೊನೆಯ ತುದಿಗೆ ಹೋದಾಗ ಶಟರ್ ಅವಧಿ ಸೆಕೆಂಡಿನ 280ನೇ ಒಂದು ಭಾಗಕ್ಕಿಂತ ದೀರ್ಘವಾಗಿರಬಾರದು ಎಂಬುದು ಫಿಲ್ಮ್ ಕಾಲದಿಂದ ಬಂದ ಲೆಕ್ಕ. ಅಲುಗಾಟ ತಡೆಯುವ ವ್ಯವಸ್ಥೆಯಿರುವ ಕ್ಯಾಮೆರಾದಲ್ಲಿ ಇದನ್ನು ಒಂದಿಷ್ಟು ಸಡಿಲಿಸಬಹುದು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಕಂಬಕ್ಕೆ ಒರಗಿ ನಿಲ್ಲುವುದು ಖರ್ಚಿಲ್ಲದ ಉಪಾಯ.

ಮಲೆನಾಡು, ಕರಾವಳಿಗಳ ಓದುಗರಿಗೆ ಒಂದು ಎಚ್ಚರಿಕೆ ಅಗತ್ಯ. ಮಳೆಗಾಲದ ತೇವಕ್ಕೆ ಲೆನ್ಸಿನ ಒಳಗಾಜಿನ ಮೇಲೆ ಜೇಡನ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಒಮ್ಮೆ ಬೇರೂರಿದರೆ ಅದು ಗಾಜಿನ ಲೇಪವನ್ನೇ ಕೆಡಿಸಬಲ್ಲದು. ಗಾಳಿಯಾಡದ ಚರ್ಮದ ಚೀಲವೂ ಬೀರುವಿನಲ್ಲಿ ಬಟ್ಟೆಗಳ ನಡುವಿನ ಜಾಗವೂ ಬೂಷ್ಟಿಗೆ ಪ್ರಿಯವಾದ ತಾಣಗಳು. ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟು, ಅವು ತೇವ ಹೀರಿ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿಕೊಳ್ಳಬೇಕು. ಅದಕ್ಕೂ ಮಿಗಿಲಾಗಿ, ಕ್ಯಾಮೆರಾವನ್ನು ಆಗಾಗ ಹೊರತೆಗೆದು ಬಳಸುತ್ತಿರಬೇಕು.

ಚಿತ್ರಗಳನ್ನು ಕಾರ್ಡಿನಲ್ಲೇ ಬಿಡುವುದು ಸಲ್ಲದು. ಕಂಪ್ಯೂಟರಿಗೆ ಜೋಡಿಸಿದಾಗ ಡಿಸಿಐಎಮ್ ಎಂಬ ಹೆಸರಿನ ಕಡತಕೋಶದಲ್ಲಿ ಅವು ಸಿಗುತ್ತವೆ; ಅಲ್ಲಿಂದ ಎರಡು ಬೇರೆ ಬೇರೆ ಕಡೆ ನಕಲು ಮಾಡಿಟ್ಟ ನಂತರವೇ ಕಾರ್ಡನ್ನು ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ ಖಾಲಿ ಮಾಡಿಕೊಳ್ಳಬೇಕು. ಕೈತಪ್ಪಿ ಚಿತ್ರ ಅಳಿಸಿಹೋದರೆ ಕೂಡಲೇ ಆ ಕಾರ್ಡಿನ ಬಳಕೆಯನ್ನು ನಿಲ್ಲಿಸಬೇಕು, ಏಕೆಂದರೆ ಆ ಕ್ಷಣ ಅಳಿಸಿರುವುದು ಸಾಮಾನ್ಯವಾಗಿ ಚಿತ್ರದ ವಿಳಾಸ ಮಾತ್ರ. ಅದರ ಮೇಲೆ ಹೊಸತು ಬರೆಯುವವರೆಗೆ ವಿಶೇಷ ತಂತ್ರಾಂಶಗಳಿಂದ ಮರಳಿ ಪಡೆಯುವ ಅವಕಾಶವಿರುತ್ತದೆ. ಬೀರುವಿನಿಂದ ತೆಗೆದ ಕ್ಯಾಮೆರಾದ ಕಾರ್ಡ್ ಹದಿನೈದು ವರ್ಷಗಳಿಂದ ಅಲ್ಲೇ ಇದ್ದಿರಬಹುದು. ಹೊಸ ಕಲಿಕೆಯ ಉತ್ಸಾಹದಲ್ಲಿ ಅದನ್ನು ಫಾರ್ಮ್ಯಾಟ್ ಮಾಡುವ ಮೊದಲು, ಅದರಲ್ಲಿ ಯಾರ ಯಾರ ಚಿತ್ರಗಳಿವೆ ಎಂದು ಓದುಗರು ಒಮ್ಮೆ ನೋಡಿಕೊಳ್ಳಬೇಕು.