ಧ್ವನಿಮಟ್ಟ ಹೊಂದಾಣಿಕೆ
ಧ್ವನಿಮಟ್ಟ ಹೊಂದಾಣಿಕೆ ಎಂಬುದು ಬೇರೆ ಬೇರೆ ಡಿಜಿಟಲ್ ಸಂಗೀತ ಕಡತಗಳು ಕಿವಿಗೆ ಒಂದೇ ಗಟ್ಟಿತನದಲ್ಲಿ ಕೇಳಿಸುವಂತೆ ಮಾಡುವ ವಿಧಾನ. ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನ ‘ಜನಧ್ವನಿ’ಯಂತಹ ಸಮುದಾಯ ಬಾನುಲಿಯಲ್ಲಿ, ಹಾಡಿಯಲ್ಲಿ ಮುದ್ರಿಸಿಕೊಂಡ ಜನಪದ ಗೀತೆಯ ಬೆನ್ನಿಗೆ ಹೊಸ ಚಿತ್ರಗೀತೆ ಬಂದರೆ ಇದರ ಅಗತ್ಯ ತಿಳಿಯುತ್ತದೆ. ಧ್ವನಿ ಅಲೆಗಳ ಅತ್ಯುನ್ನತ ಬಿಂದುಗಳನ್ನು ಸಮಗೊಳಿಸಿದರೆ ಸಾಲದು. ತಮಟೆಯ ಒಂದೇ ಪೆಟ್ಟು ಆ ಬಿಂದುವನ್ನು ಮುಟ್ಟಿದರೂ ಹಾಡುವ ದನಿ ಕ್ಷೀಣವಾಗಿಯೇ ಉಳಿಯಬಹುದು. ಆದ್ದರಿಂದ ೨೦೦೧ರಲ್ಲಿ ಡೇವಿಡ್ ರಾಬಿನ್ಸನ್ ಪ್ರಸ್ತಾಪಿಸಿದ ‘ರಿಪ್ಲೇಗೇನ್’ ಕ್ರಮವು ಕಿವಿಯ ಗ್ರಹಿಕೆಯನ್ನು ಅನುಸರಿಸಿ ಗಟ್ಟಿತನವನ್ನು ಅಳೆಯುತ್ತದೆ. ತಿದ್ದುಪಡಿಯ ಅಂಕಿಯನ್ನು ಕಡತದ ಟ್ಯಾಗ್‌ನಲ್ಲಷ್ಟೇ ಬರೆಯುವುದರಿಂದ ಮೂಲ ಧ್ವನಿ ಬದಲಾಗುವುದಿಲ್ಲ. ಆಲ್ಬಂ ಒಂದರ ಹಾಡುಗಳ ನಡುವಣ ಏರಿಳಿತ ಉಳಿಯಬೇಕಾದಲ್ಲಿ ಇಡೀ ಆಲ್ಬಂಗೆ ಒಂದೇ ಅಂಕಿಯನ್ನು ಅನ್ವಯಿಸಲಾಗುತ್ತದೆ. ಪ್ರಸಾರಕ್ಕಾಗಿ ಐರೋಪ್ಯ ಪ್ರಸಾರ ಒಕ್ಕೂಟವು ೨೦೧೦ರಲ್ಲಿ −೨೩ ಎಲ್‌ಯುಎಫ್‌ಎಸ್ ಮಟ್ಟವನ್ನು ಶಿಫಾರಸು ಮಾಡಿತು. ಮುದ್ರಣದಲ್ಲೇ ಒಡೆದ ದನಿಯನ್ನು ಇಂತಹ ಯಾವ ಹೊಂದಾಣಿಕೆಯೂ ಸರಿಪಡಿಸಲಾರದು.