ಹಬ್ಬದ ಮನೆಯಲ್ಲಿ ಕಾಣದವರು ಯಾರು?

ಕ್ರಿಸ್ಮಸ್ ಸಮೀಪಿಸಿತೆಂದರೆ ಕರಾವಳಿಯ ಕಥೊಲಿಕ ಮನೆಗಳಿಗೆ ಹೊಸ ಕಳೆ ಬರುತ್ತದೆ. ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ಮಕ್ಕಳು, ಮೊಮ್ಮಕ್ಕಳು ಮೂಲಮನೆಗೆ ಬಂದು ಸೇರುತ್ತಾರೆ. ಜಗಲಿಯಲ್ಲಿ ಗೋದಲಿ ಸಿದ್ಧವಾಗುತ್ತದೆ. ಮಾಡಿನಂಚಿನಲ್ಲಿ ನಕ್ಷತ್ರ ತೂಗುತ್ತದೆ. ಅಡುಗೆಮನೆಯಲ್ಲಿ ಒಬ್ಬರು ನೆವ್ರಿಗೆ ಹೂರಣ ತುಂಬಿದರೆ ಇನ್ನೊಬ್ಬರು ಕಿಡಿಯೊ ಸುರುಳಿ ಒತ್ತುತ್ತಾರೆ. ಮಕ್ಕಳು ಗುಳಿಯೊ ಉಂಡೆ ಕಟ್ಟುತ್ತಾರೆ. ಹಲವು ಕೈಗಳು ಕೂಡದೆ ಕುಸ್ವಾರ್ ಆಗದು. ಅಂಗಡಿಯ ಪೊಟ್ಟಣ ರುಚಿಯನ್ನು ಕೊಟ್ಟೀತು, ಆ ಕೂಡುವಿಕೆಯನ್ನು ಕೊಡಲಾರದು.

ಆದರೆ ಬಂಧುಗಳೆಲ್ಲ ಹೀಗೆ ಕೂಡುವುದು ಕೇವಲ ಸಂತೋಷದ ವಿಷಯವೆ? ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು, ತಂದೆತಾಯಿಯರಿಗೂ ಅವರ ಮೂಲಕ ಬಂಧುಬಳಗಕ್ಕೂ ಸಲ್ಲಬೇಕಾದ ಗೌರವವನ್ನು ನ್ಯಾಯವೆಂಬ ಸದ್ಗುಣದೊಂದಿಗೆ ಸೇರಿಸಿ ವಿವೇಚಿಸಿದ್ದಾರೆ. ಅಂದರೆ ಅದು ಮನಸ್ಸು ಬಂದಾಗ ಕೊಡುವ ಉಡುಗೊರೆಯಲ್ಲ, ತೀರಿಸಬೇಕಾದ ಋಣ. ಹಾಗಾದರೆ ಹಬ್ಬದ ಮನೆಯಲ್ಲಿ ನ್ಯಾಯವಿದೆಯೆ ಎಂದು ನಾವು ಕೇಳಿಕೊಳ್ಳಲೇಬೇಕು.

ಸಂತ ಲೂಕರ ಶುಭಸಂದೇಶದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಪಾಸ್ಕ ಹಬ್ಬ ಮುಗಿಸಿ ಜೆರುಸಲೇಮಿನಿಂದ ಮರಳುವಾಗ ಹನ್ನೆರಡು ವರ್ಷದ ಯೇಸು ಜೊತೆಯಲ್ಲಿರಲಿಲ್ಲ. ಯಾತ್ರಿಕರ ಗುಂಪಿನಲ್ಲಿ ಎಲ್ಲೋ ಇದ್ದಾನೆಂದು ಭಾವಿಸಿ ಮಾತೆ ಮರಿಯ ಹಾಗೂ ಜೋಸೆಫರು ಒಂದು ದಿನದ ದಾರಿ ನಡೆದರು. ಆಮೇಲೆ ನೆಂಟರಿಷ್ಟರ ನಡುವೆ ಹುಡುಕಿದರು. ಪವಿತ್ರ ಕುಟುಂಬವೂ ದೊಡ್ಡ ಬಳಗದೊಡನೆಯೇ ಹಬ್ಬಕ್ಕೆ ಹೋಗಿ ಬರುತ್ತಿತ್ತೆಂಬುದು ಇದರಿಂದ ತಿಳಿಯುತ್ತದೆ. ಅಷ್ಟೇ ಅಲ್ಲ, ದೊಡ್ಡ ಬಳಗದ ಒಂದು ಅಪಾಯವೂ ತಿಳಿಯುತ್ತದೆ. ಇನ್ನೊಬ್ಬರು ನೋಡಿಕೊಂಡಾರು ಎಂದು ಎಲ್ಲರೂ ಎಣಿಸಿದರೆ ಒಬ್ಬರು ಹಿಂದೆ ಉಳಿದುಬಿಡುತ್ತಾರೆ.

ನಮ್ಮ ಮನೆಗಳಲ್ಲಿ ಹಾಗೆ ಉಳಿದವರು ಯಾರು? ಒಳಕೋಣೆಯ ಹಾಸಿಗೆಯಿಂದ ಏಳಲಾಗದ ಅಜ್ಜಿಗೆ ಊಟದ ತಟ್ಟೆ ಹೋಗುತ್ತದೆ. ಬಳಿಯಲ್ಲಿ ಕುಳಿತು ಮಾತನಾಡುವವರಿಲ್ಲ. ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತ ಸೊಸೆ ಎಲ್ಲರೂ ಉಂಡ ಮೇಲೆ ಆರಿದ ಅನ್ನ ಉಣ್ಣುತ್ತಾಳೆ. ಕೆಲಸ ಕಳೆದುಕೊಂಡ ತಮ್ಮ, ಅಣ್ಣಂದಿರ ಸಂಬಳದ ಮಾತಿಗೆ ಅಂಜಿ ಬರುವುದನ್ನೇ ಬಿಡುತ್ತಾನೆ. ಪಾಲು ಕೇಳಿದಳೆಂಬ ಒಂದೇ ಕಾರಣಕ್ಕೆ ತಂಗಿಗೆ ಕರೆಯೇ ಹೋಗುವುದಿಲ್ಲ. ಮರಣಶಾಸನ ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಹೆಂಡತಿಗೆ ಮೂರನೆಯ ಒಂದು ಭಾಗ, ಉಳಿದುದರಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆಲ್ಲ ಸಮಪಾಲು ಎಂದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಕಾನೂನು ಕೊಟ್ಟ ಹಕ್ಕನ್ನು ಕೇಳಿದವಳು ಹಬ್ಬಕ್ಕೆ ಹೊರಗಿನವಳಾಗುವುದು ಯಾವ ನ್ಯಾಯ?

ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸೋದರನೊಡನೆ ಸಮಾಧಾನ ಮಾಡಿಕೊಳ್ಳಬೇಕೆಂಬುದು ಪ್ರಭುವಿನ ಬೋಧನೆ. ಕುಸ್ವಾರಿನ ತಟ್ಟೆಯನ್ನು ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಪ್ರೀತಿಯಿಂದ ಕಳುಹಿಸುವ ನಾವು, ಮಾತು ಬಿಟ್ಟ ಒಡಹುಟ್ಟಿದವರ ಮನೆಗೆ ಅದನ್ನು ಕಳುಹಿಸದೆ ನಾವೇ ಒಯ್ಯಬೇಕು. ಹಿರಿಯರು ಮೊದಲು ಹೊರಡಲಿ. ತಟ್ಟೆಯೊಂದರಿಂದ ಪಾಲಿನ ವ್ಯಾಜ್ಯ ಬಗೆಹರಿಯದು, ನಿಜ. ಸಮಾಧಾನವೆಂದರೆ ಹಕ್ಕನ್ನು ಬಿಟ್ಟುಕೊಡುವುದೂ ಅಲ್ಲ. ಆದರೆ ಎದುರುಬದುರು ಕುಳಿತು ಮಾತನಾಡದೆ ಯಾವ ಲೆಕ್ಕವೂ ನೇರವಾಗದು. ಗಂಡಸರು ಈ ಸಲ ಬಡಿಸುವ ಕೆಲಸ ವಹಿಸಿಕೊಂಡು ಅಡುಗೆ ಮಾಡಿದವರನ್ನು ಮೊದಲ ಪಂಕ್ತಿಯಲ್ಲಿ ಕುಳ್ಳಿರಿಸಲಿ.

ಕ್ರಿಸ್ಮಸ್ಸಿನ ಬೆನ್ನಿಗೇ ಪವಿತ್ರ ಕುಟುಂಬದ ಹಬ್ಬ ಬರುತ್ತದೆ. 1921ರಲ್ಲಿ ಇದನ್ನು ಇಡೀ ಧರ್ಮಸಭೆಯ ಪಂಚಾಂಗಕ್ಕೆ ಸೇರಿಸಲಾಯಿತು. ಹಬ್ಬದೊಳಗೆ ಹೋಗಲಾಗದವರಿಗೆ ಇನ್ನೂ ಕೆಲವು ದಿನಗಳ ಅವಕಾಶವಿದೆ ಎಂದೇ ತಿಳಿಯೋಣ. ಮರಿಯ ಹಾಗೂ ಜೋಸೆಫರು ಮಗನಿಲ್ಲವೆಂದು ಅರಿತೊಡನೆ ಹಿಂದಿರುಗಿ ಹುಡುಕಿದರು, ಸಿಗುವವರೆಗೂ ಬಿಡಲಿಲ್ಲ. ಪ್ರಿಯ ವಾಚಕರೇ, ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸುವ ಮುನ್ನ ನಮ್ಮ ಮನೆಯವರನ್ನು ಒಮ್ಮೆ ಎಣಿಸೋಣ.