ಮಳೆ ಸಂದರ್ಭ ಮಾತ್ರ, ಕಾರಣವಲ್ಲ



ಮುಂಗಾರಿನ ಮೊದಲ ಹನಿಗಳು ಬಿದ್ದೊಡನೆ ಬಂಕಾಪುರ ಸೀಮೆಯ ರೈತನ ಮೊಗ ಅರಳುತ್ತದೆ. ಅದೇ ದಿನಗಳಲ್ಲಿ ನಗರ ಪಟ್ಟಣಗಳ ಆಸ್ಪತ್ರೆಗಳಲ್ಲಿ ವಾಂತಿಭೇದಿ, ಟೈಫಾಯ್ಡ್, ಕಾಮಾಲೆಗಳ ರೋಗಿಗಳು ಹೆಚ್ಚುವುದೂ ಉಂಟು. ‘ಹವಾ ಕೆಟ್ಟಿದೆ’ ಎಂದು ನಿಟ್ಟುಸಿರಿಟ್ಟು ನಾವು ಸುಮ್ಮನಾಗುತ್ತೇವೆ. ಹವಾಮಾನವು ಈ ರೋಗಗಳಿಗೆ ಕಾರಣವೋ, ಕೇವಲ ಸಂದರ್ಭವೋ? ತತ್ವಶಾಸ್ತ್ರದ ವಿದ್ಯಾರ್ಥಿಗೆ ಮೊದಲಲ್ಲೇ ಕಲಿಸುವ ಈ ವಿವೇಚನೆ ಇಲ್ಲಿ ಪ್ರಾಣವನ್ನೇ ಉಳಿಸಬಲ್ಲದು.

ನಮಗೆ ದೂರವೇನಲ್ಲದ ಹುಬ್ಬಳ್ಳಿ-ಧಾರವಾಡ ಇದಕ್ಕೆ ಉತ್ತರ ನೀಡಿದೆ. ಅಲ್ಲಿಯ ಕೆಲವು ವಾರ್ಡುಗಳಿಗೆ ಹಗಲಿರುಳೂ ನೀರು ದೊರೆಯತೊಡಗಿದಾಗ ಉಳಿದವುಗಳಿಗೆ ಕೆಲವು ದಿನಗಳಿಗೊಮ್ಮೆ ಮಾತ್ರ ನಲ್ಲಿ ಬರುತ್ತಿತ್ತು. ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬ ಸಂಶೋಧಕಿಯರು ಎರಡೂ ಕಡೆಯ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲಸಂಪರ್ಕವನ್ನು ಸೂಚಿಸುವ ಇ-ಕೋಲೈ ಬ್ಯಾಕ್ಟೀರಿಯಾ ನಿರಂತರ ನೀರಿನ ನಲ್ಲಿಗಳ ಮಾದರಿಗಳಲ್ಲಿ ಶೇಕಡ 0.7ರಷ್ಟರಲ್ಲಿ ಮಾತ್ರ ಕಂಡುಬಂದರೆ, ಬಿಟ್ಟುಬಿಟ್ಟು ಬರುವ ನೀರಿನಲ್ಲಿ ಶೇಕಡ 31.7ರಷ್ಟರಲ್ಲಿ ಕಂಡುಬಂದಿತು. ಮಳೆಗಾಲದಲ್ಲಿ ಈ ಮಾಲಿನ್ಯ ಇನ್ನೂ ಹೆಚ್ಚು.

ಮಳೆ ಎರಡೂ ವಾರ್ಡುಗಳ ಮೇಲೆ ಒಂದೇ ಸಮನೆ ಸುರಿದಿತ್ತಲ್ಲವೇ? ವ್ಯತ್ಯಾಸವಿದ್ದುದು ಕೊಳವೆಯಲ್ಲಿ. ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ; ಸುತ್ತಲ ಚರಂಡಿಯ ನೀರು ಬಿರುಕುಗಳಿಂದ ಒಳಗೆ ಜಿನುಗುತ್ತದೆ. ಮಳೆ ಬಂದಾಗ ನೆಲವೆಲ್ಲ ತೊಯ್ದು ಈ ಅಪಾಯ ಹೆಚ್ಚುತ್ತದೆ. ಬೇಸಿಗೆಯಲ್ಲಿ ನಲ್ಲಿ ಬರುವ ಅಂತರ ಬೆಳೆದರೆ ಕೊಡ, ಹಂಡೆಗಳಲ್ಲಿ ನೀರು ಬಹುದಿನ ನಿಲ್ಲುತ್ತದೆ. ಅದ್ದಿದ ಕೈಗಳಿಂದಲೇ ರೋಗಾಣು ಸೇರುತ್ತದೆ.

2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ, 2023ರ ಮಳೆಗಾಲದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಅಸ್ವಸ್ಥರಾದರು, ಕೆಲವರು ಪ್ರಾಣವನ್ನೇ ತೆತ್ತರು. ಋತು ಬೇರೆ ಬೇರೆ, ದುಃಖ ಒಂದೇ.

ಆಕಾಶವನ್ನು ದೂರುವುದು ಸುಲಭ, ಏಕೆಂದರೆ ಆಕಾಶ ಉತ್ತರ ಕೊಡುವುದಿಲ್ಲ. ಚರಂಡಿಯ ಪಕ್ಕದಲ್ಲೇ ಹಾದುಹೋಗುವ ಒಡೆದ ಕೊಳವೆಗಾದರೋ ಉತ್ತರ ಹೇಳಬೇಕಾದವರು ಇದ್ದಾರೆ. ಅದನ್ನು ಕಂಡೂ ಸುಮ್ಮನಿರುವ ನಾವೂ ಅವರಲ್ಲಿ ಸೇರಿದ್ದೇವೆ. ಮೊದಲು ನೋಯುವವರು ನೀರನ್ನು ಕೊಂಡು ಕುಡಿಯಲಾರದ ಬಡವರ ಮಕ್ಕಳು.

ಆದುದರಿಂದ ಮಳೆಗಾಲದಲ್ಲಿ ಕುಡಿಯುವ ನೀರನ್ನು ಕುದಿಸಿ, ಮುಚ್ಚಿಡಿ. ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ. ಭೇದಿ ಕಂಡೊಡನೆ ಓಆರ್‌ಎಸ್ ಕೊಡಿ. ಅದು ದೊರೆಯದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸಿ. ರೋಗಿ ಬಳಲಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಓಣಿಯ ಕೊಳವೆ ಸೋರುತ್ತಿದ್ದರೆ ನೆರೆಹೊರೆಯವರೆಲ್ಲ ಸೇರಿ ಸಹಿ ಹಾಕಿ ದೂರು ಕೊಡಿ.

ಬಾಯಾರಿದವರಿಗೆ ನೀರುಣಿಸುವುದು ಪುಣ್ಯವೆಂದು ಹಿರಿಯರು ಕಲಿಸಿದ್ದಾರೆ. ಆ ನೀರು ನಿರ್ಮಲವಾಗಿದೆಯೇ ಎಂದು ನೋಡುವುದೂ ಆ ಪುಣ್ಯದ ಅರ್ಧಭಾಗ.